ರಾಜ-ಪ್ರಜೆ ಕೂಟದ ಆ ವರ್ಷ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಸಣ್ಣ ಕಾಲೇಜಿದೆ. ಬಸ್ಸಿನಲ್ಲಿ ಕುಳಿತವರಿಗೆ ಹೆಂಚಿನ ಮಾಡಿನ ಹಳೆಯ ಸಾಲು, ಅದರ ಹಿಂದೆ ಆರ್‌ಸಿಸಿಯ ಹೊಸ ಕಟ್ಟಡ, ನಡುವೆ ಕೆಂಪು ಮಣ್ಣಿನ ಮೈದಾನ ಕಂಡು ಮರೆಯಾಗುತ್ತವೆ. ನಾನು ಪದವಿ ಓದಿದ್ದು ಅಲ್ಲಿ. ಆಮೇಲೆ ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹಲವು ವರ್ಷ ಇದ್ದು, ಶಿರಸಿಗೆ ವರದಿಗಾರನಾಗಿ ಮರಳಿದ ಮೇಲೆ, ವಾರಕ್ಕೆರಡು ದಿನ ಪತ್ರಿಕೋದ್ಯಮದ ಪಾಠ ಹೇಳಲು ಅದೇ ಕಾಲೇಜಿಗೆ ಹೋಗತೊಡಗಿದೆ. ಸ್ಟಾಫ್ ರೂಮಿನಲ್ಲಿ ಚಹಾದ ಬದಲು ಕಷಾಯ ಕೊಡುವ ಪದ್ಧತಿ ಹಾಗೆಯೇ ಇತ್ತು. ಹೊಸದಾಗಿ ಸೇರಿದ ಉಪನ್ಯಾಸಕರು ಮೊದಲ ತಿಂಗಳು ಮುಖ ಹಿಂಡಿಕೊಂಡು ಕುಡಿದು, ಎರಡನೆಯ ತಿಂಗಳಿಗೆ ತಾವೇ ಕೇಳಿ ಹಾಕಿಸಿಕೊಳ್ಳುವುದೂ ಹಾಗೆಯೇ ಇತ್ತು.

ಆ ಕಾಲೇಜಿಗೆ ತನ್ನದೇ ಆದ ಒಂದು ಪದ್ಧತಿ ಇದೆ. ಬೇರೆ ಕಾಲೇಜಿನಲ್ಲಿ ನಾನು ಅದನ್ನು ಕಂಡಿಲ್ಲ. ವಾರ್ಷಿಕ ಗ್ಯಾದರಿಂಗಿನ ಹಿಂದಿನ ಮಧ್ಯಾಹ್ನ ಸಭಾಂಗಣದಲ್ಲಿ ಒಂದು ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಕೈಯಲ್ಲಿ ತಾಳ ಹಿಡಿದು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತವರು ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತ ವಾದಕ್ಕಿಳಿಯುತ್ತಾರೆ. ಊರ ತಾಳಮದ್ದಳೆಗಳಲ್ಲಿ ಪುರಾಣದ ಪ್ರಸಂಗ ಇರುತ್ತದೆ. ಇಲ್ಲಿ ಇರುವುದು ಎರಡೇ ಪಾತ್ರ. ಒಬ್ಬ ರಾಜ, ಒಬ್ಬ ಪ್ರಜೆ. ರಾಜನಾಗಿ ಪ್ರಾಂಶುಪಾಲರೇ ಕೂರಬೇಕು. ಪ್ರಜೆಯಾಗಿ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ. ಪ್ರಜೆ ಒಂದು ದೂರು ತರುತ್ತಾನೆ, ರಾಜ ಉತ್ತರ ಹೇಳುತ್ತಾನೆ. ರಾಜನಿಗೆ ಉತ್ತರ ಹೊಳೆಯದೆ ಹೋದರೆ ಹೆಗಲ ಮೇಲಿನ ಶಾಲು ತೆಗೆದು ಪ್ರಜೆಗೆ ಹೊದಿಸಬೇಕು, ಕೇಳಿದ್ದನ್ನು ನಡೆಸಿಕೊಡಬೇಕು. ಕಾಲೇಜಿನ ಮೊದಲ ಪ್ರಾಂಶುಪಾಲರು ಸ್ವತಃ ಅರ್ಥ ಹೇಳುತ್ತಿದ್ದವರು. ವಿದ್ಯಾರ್ಥಿಗಳು ಕಲ್ಲು ಹೊಡೆಯುವ ಬದಲು ಮಾತು ಹೊಡೆಯಲಿ ಎಂದು ಇದನ್ನು ಶುರು ಮಾಡಿದರಂತೆ. ಪದ್ಯಗಳನ್ನೂ ಅವರೇ ಕಟ್ಟಿದ್ದರು. ರಾಜ ಬರುವಾಗಿನ ಒಡ್ಡೋಲಗದ ಪದ್ಯ, ಪ್ರಜೆಯ ಅಳಲಿನದು, ರಾಜನ ಕೋಪದ್ದು, ಕೊನೆಗೆ ಮಂಗಳ.

ಶಾಲು ಹೊದಿಸಿದ ಸಂಗತಿ ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ. ಪ್ರಾಂಶುಪಾಲರಾಗಿ ಬಂದವರೆಲ್ಲ ಈ ಭಾಗದವರೇ. ಎಳೆತನದಿಂದ ಅರ್ಥ ಕೇಳಿ ಬೆಳೆದವರು, ಮಾತಿಗೆ ಸೋಲುವ ಪೈಕಿ ಅಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ತರಗತಿಯವನೊಬ್ಬ ಗ್ರಂಥಾಲಯವನ್ನು ಸಂಜೆಯವರೆಗೆ ತೆರೆದಿಡಿ ಎಂದು ದೂರು ತಂದಿದ್ದ. ಆಗಿನ ಪ್ರಾಂಶುಪಾಲರು ಪುಸ್ತಕಗಳಿಗೂ ವಿಶ್ರಾಂತಿ ಬೇಕು ಎಂಬಲ್ಲಿಂದ ಹೊರಟು, ಜ್ಞಾನ ಎಂದರೇನು ಎಂಬಲ್ಲಿಗೆ ಮುಟ್ಟಿ, ಕೊನೆಗೆ ಅವನಿಂದಲೇ ಕೈಮುಗಿಸಿಕೊಂಡರು. ಸಭೆ ಬಿದ್ದು ಬಿದ್ದು ನಕ್ಕಿತು. ಗ್ರಂಥಾಲಯ ಎಂದಿನ ಹೊತ್ತಿಗೇ ಮುಚ್ಚಿತು. ಮಾತಿನ ಸೊಗಸಿಗಾಗಿ ಎಲ್ಲರೂ ಬರುತ್ತಿದ್ದರು. ಭೈರುಂಬೆಯಿಂದ, ಹುಲಗೋಳದಿಂದ, ಅತ್ತ ಯಲ್ಲಾಪುರದಿಂದಲೂ ಹಳೆಯ ವಿದ್ಯಾರ್ಥಿಗಳು ಬೈಕಿನಲ್ಲಿ, ಜೀಪಿನಲ್ಲಿ ಬಂದು ಹಿಂದಿನ ಬೆಂಚುಗಳಲ್ಲಿ ಎಲೆಯಡಿಕೆ ಕವಳದ ಸಂಚಿ ಬಿಚ್ಚುತ್ತಿದ್ದರು. ದೂರು ಬಗೆಹರಿಯುತ್ತದೆ ಎಂದುಕೊಂಡು ಬರುವವರು ಇರಲಿಲ್ಲ.

ನಾನು ಹೇಳಹೊರಟ ವರ್ಷದಲ್ಲಿ ಪ್ರಾಂಶುಪಾಲರಾಗಿದ್ದವರು ಹಾವೇರಿ ಕಡೆಯ ಒಬ್ಬ ಮಹಿಳೆ. ಗಣಿತದವರು. ಕಾಲೇಜಿಗೆ ಹೊರಗಿನಿಂದ ಬಂದ ಮೊದಲ ಪ್ರಾಂಶುಪಾಲರು ಅವರೇ, ಮೊದಲ ಮಹಿಳೆಯೂ ಅವರೇ. ಅವರ ದನಿ ದೊಡ್ಡದು. ಮೈಕು ಕೆಟ್ಟಿದ್ದ ದಿನ ಮೈದಾನದ ಆಚೆ ತುದಿಯವರೆಗೆ ಅವರ ಮಾತು ಸ್ಪಷ್ಟವಾಗಿ ಕೇಳಿದ್ದಕ್ಕೆ ನಾನೇ ಸಾಕ್ಷಿ. ಬಂದ ಮೊದಲ ತಿಂಗಳಲ್ಲೇ ಅವರು ಕಾಲೇಜಿನ ಒಂದು ಹಳೆಯ ರೋಗಕ್ಕೆ ಕೈಹಾಕಿದರು. ಬೆಳಗಿನ ಗಂಟೆ ಎಂಬುದು ಅಲ್ಲಿ ಒಂದು ಸೂಚನೆ ಮಾತ್ರವಾಗಿತ್ತು. ಗಂಟೆ ಹೊಡೆದ ಮೇಲೆ ಕ್ಯಾಂಟೀನಿನವರು ಅವಲಕ್ಕಿ ಬಡಿಸುವುದು, ಉಪನ್ಯಾಸಕರು ಪೇಪರ್ ಮಡಚುವುದು, ಆಮೇಲೆ ನಿಧಾನಕ್ಕೆ ತರಗತಿ. ಅವರು ಗಂಟೆಯೊಂದಿಗೆ ಗೇಟು ಹಾಕಿಸಿದರು. ಎರಡನೆಯ ಪಿರಿಯಡ್ಡಿಗೇ ಮತ್ತೆ ತೆರೆಯುವುದು. ಮೊದಲ ವಾರ ಹೊರಗುಳಿದವರಲ್ಲಿ ಇಬ್ಬರು ಉಪನ್ಯಾಸಕರೂ ಇದ್ದರು. ಅವರಿಗೂ ಗೇಟು ತೆಗೆಯಲಿಲ್ಲ. ಮೊದಲ ಪಿರಿಯಡ್ಡನ್ನು ಪ್ರಾಂಶುಪಾಲರೇ ಇಟ್ಟುಕೊಂಡರು, ಕೊನೆಯ ವರ್ಷದ ಬಿಎಸ್‌ಸಿಗೆ ಗಣಿತ. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಏರಿತು. ಅದರ ಶ್ರೇಯಸ್ಸು ಯಾರಿಗೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಆದರೆ ಗೇಟಿನ ಹೊರಗೆ ಉಳಿಯುವವರ ಒಂದು ಗುಂಪು ಹಾಗೆಯೇ ಉಳಿಯಿತು. ಬಿಳಗಿಯ ಆಚೆಯ ಹಳ್ಳಿಗಳಿಂದ ಬರುವವರು. ಅವರ ಬಸ್ಸು ಸಿದ್ದಾಪುರ ಮುಟ್ಟಿ, ಅಲ್ಲಿ ಬೇರೆ ಬಸ್ಸು ಹತ್ತಿ, ಕಾಲೇಜಿನ ಮುಂದೆ ಇಳಿಯುವಾಗ ಗಂಟೆ ಆಗಿ ತುಸು ಹೊತ್ತಾಗಿರುತ್ತಿತ್ತು. ಗೇಟಿನ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತು ಎರಡನೆಯ ಪಿರಿಯಡ್ಡಿಗೆ ಕಾಯುವುದು ಅವರ ದಿನಚರಿಯಾಯಿತು. ಅವರು ಒಮ್ಮೆ ಹೋಗಿ ಹೇಳಿಕೊಂಡರು. ಪ್ರಾಂಶುಪಾಲರು ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಬೇಗನೆ ಹೊರಡುವ ಬಸ್ಸು ಹಿಡಿಯಿರಿ ಎಂದರು. ಬಸ್ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಅವರು ಸ್ವತಃ ಹೋಗಿ ಓದಿಕೊಂಡು ಬಂದಿದ್ದರು. ಅದರಲ್ಲಿ ಬೇಗನೆ ಹೊರಡುವ ಬಸ್ಸು ಇತ್ತು. ವಿದ್ಯಾರ್ಥಿಗಳು ಎದುರಾಡಲು ಅಂಜಿ ಹಿಂದಿರುಗಿದರು.

ಆ ಗುಂಪಿನಲ್ಲಿ ಕೊನೆಯ ವರ್ಷದ ಬಿಎಸ್‌ಸಿ ಹುಡುಗಿಯೊಬ್ಬಳಿದ್ದಳು. ಬೇಸಾಯದ ಮನೆಯವಳು. ಮಾತು ಕಡಿಮೆ, ಆಡಿದರೆ ಕೊಕ್ಕೆ ಇರುತ್ತಿತ್ತು. ಅವಳ ಊರಲ್ಲಿ ಅವಳ ಸೋದರಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು; ಅವಳು ಬಾಲ್ಯದಿಂದ ಅವನ ಬೆನ್ನ ಹಿಂದೆ ಕೂತು ಕೇಳಿದವಳು. ಪರೀಕ್ಷೆ ಹತ್ತಿರವಾದಾಗ ಹಾಜರಾತಿ ಕಡಿಮೆ ಇದ್ದವರ ಪಟ್ಟಿ ಸೂಚನಾ ಫಲಕಕ್ಕೆ ಬಂತು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ. ಉಳಿದೆಲ್ಲ ವಿಷಯಗಳಲ್ಲಿ ಅವಳ ಹಾಜರಿ ತುಂಬಿತ್ತು. ಗಣಿತದಲ್ಲಿ ಮಾತ್ರ ಇಲ್ಲ, ಏಕೆಂದರೆ ಗಣಿತ ಮೊದಲ ಪಿರಿಯಡ್ಡು. ಒಂದು ವಿಷಯ ಉಳಿದರೆ ಒಂದು ವರ್ಷ ಮನೆಯಲ್ಲಿ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಕಾಲೇಜಿಗೆ ಬರುವುದು ಅವರ ಕಡೆ ಅಪರೂಪ. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಕೊನೆಯ ವರ್ಷದವರು ಮೈದಾನದ ಅಂಚಿನ ಹಲಸಿನ ಮರದ ಕೆಳಗೆ ಕೂಡಿ, ಈ ಸಲ ಪ್ರಜೆ ಯಾರು ಎಂದು ಕೇಳಿದಾಗ ಅವಳೇ ಎದ್ದು ನಿಂತಳು. ಅವಳಿಗಿಂತ ಚೆನ್ನಾಗಿ ಮಾತಾಡುವ ಇಬ್ಬರು ಹುಡುಗರು ಇದ್ದರು. ಅವರು ಕೈ ಎತ್ತಲಿಲ್ಲ.

ಪದ್ಧತಿಯಂತೆ ದೂರನ್ನು ಒಂದು ವಾರ ಮೊದಲು ಬೆಳಗಿನ ಪ್ರಾರ್ಥನೆಯಲ್ಲಿ ಓದಿ ಹೇಳಬೇಕು. ಓದಿದಳು. ಗೇಟು ಪ್ರಜೆಗೆ ಮುಚ್ಚಿದೆ ಎಂಬುದು ದೂರು. ಪ್ರಾಂಶುಪಾಲರು ಕೇಳಿಸಿಕೊಂಡು, ಆಗಲಿ ಎಂದು ತಲೆಯಾಡಿಸಿ ತರಗತಿಗೆ ಹೋದರು.

ಆ ವಾರ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ಪ್ರಾಂಶುಪಾಲರಿಗೆ ತಾಳಮದ್ದಳೆ ಎಂದರೆ ಏನೆಂದು ಗೊತ್ತಿಲ್ಲ, ಹಾವೇರಿ ಮಾತಿನಲ್ಲಿ ಅರ್ಥ ಹೇಳಿದರೆ ರಾಜ ಸಂತೆಗೆ ಬಂದಂತೆ ಕಾಣುತ್ತಾನೆ ಎಂದು ಒಬ್ಬರು ಆಡಿಕೊಂಡರು. ಆಡಳಿತ ಮಂಡಳಿಯ ಅಧ್ಯಕ್ಷರು ಒಂದು ದಿನ ಬಂದು, ಈ ಸಲ ಬೇಕಾದರೆ ಒಬ್ಬ ಅನುಭವಿ ಅರ್ಥಧಾರಿಯನ್ನು ಕರೆಸಿ ರಾಜನ ಜಾಗದಲ್ಲಿ ಕೂರಿಸೋಣ ಎಂದರು. ಅಧ್ಯಕ್ಷರು ಹತ್ತಿರದ ಹಳ್ಳಿಯ ತೋಟದವರು, ಕಾಲೇಜಿನ ಬಗ್ಗೆ ಮನೆಯ ಬಗ್ಗೆ ಇರುವಷ್ಟೇ ಕಾಳಜಿ ಇದ್ದವರು. ಪ್ರಾಂಶುಪಾಲರು ಒಪ್ಪಲಿಲ್ಲ. ದೂರು ನನ್ನ ಮೇಲಿದೆ, ಬಾಡಿಗೆ ಬಾಯಿಯಿಂದ ಉತ್ತರ ಕೊಡಿಸುವುದು ಸರಿಯಲ್ಲ ಎಂದರು.

ಬದಲಿಗೆ ಅವರು ಕಲಿಯಲು ಹೊರಟರು. ಕನ್ನಡ ವಿಭಾಗದ ಹಿರಿಯ ಉಪನ್ಯಾಸಕರೇ ಕೂಟದ ಭಾಗವತರು. ಅವರನ್ನು ಕರೆದುಕೊಂಡು ಭಾನುವಾರ ಹುಲಗೋಳದ ಹತ್ತಿರ ನಡೆದ ಒಂದು ತಾಳಮದ್ದಳೆಗೆ ಹೋದರು. ನಾನೂ ಜೊತೆಗಿದ್ದೆ. ಅವರು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೊನೆಯವರೆಗೆ ಕೂತರು. ಯಾವಾಗ ಪದ್ಯ ಏಳುತ್ತದೆ, ಯಾವಾಗ ಮಾತು ನಿಲ್ಲುತ್ತದೆ ಎಂದು ಪಕ್ಕದಲ್ಲಿದ್ದ ಉಪನ್ಯಾಸಕರನ್ನು ಕೇಳುತ್ತಿದ್ದರು. ಭಾಗವತರು ಪದ್ಯ ಎತ್ತಿದರೆಂದರೆ ಅರ್ಥಧಾರಿ ಎಷ್ಟೇ ದೊಡ್ಡವನಿರಲಿ ಬಾಯಿ ಮುಚ್ಚಬೇಕು, ಭಾಗವತರ ತಾಳದ ಮೇಲೆ ಯಾರ ಅಧಿಕಾರವೂ ನಡೆಯುವುದಿಲ್ಲ ಎಂದು ಉಪನ್ಯಾಸಕರು ವಿವರಿಸಿದರು. ಅದು ಈ ಕಲೆಯ ಮೊದಲ ಶಿಸ್ತು. ವಾಪಸು ಬರುವಾಗ ಜೀಪಿನಲ್ಲಿ ಪ್ರಾಂಶುಪಾಲರು ಕೇಳಿದರು:

“ಸರ್, ಇದರಾಗ ಗೆಲ್ಲೋದು ಯಾರ್ರಿ?”

“ಪ್ರಸಂಗದಲ್ಲಿ ಯಾರು ಗೆಲ್ಬೇಕು ಅಂತ ಇದ್ಯೋ ಅವ್ರೇ ಗೆಲ್ತಾರೆ ಮೇಡಂ. ಮಾತಲ್ಲಿ ಗೆಲ್ಲೋದು ಬೇರೆ.”

“ನಮ್ಮ ಕಾಲೇಜಿನ ಪ್ರಸಂಗದಾಗ ಯಾರು ಗೆಲ್ಲಬೇಕಂತ ಐತಿ?”

ಅದನ್ನು ಯಾರೂ ಹೇಳಿಟ್ಟಿಲ್ಲ ಎಂದರು ಉಪನ್ಯಾಸಕರು.

“ಹಂಗಾದ್ರ ಅದು ಖರೇ ಆಟ,” ಎಂದರು ಪ್ರಾಂಶುಪಾಲರು.

ಕೂಟದ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನು ಕಷಾಯ ಕುಡಿಯುತ್ತಿದ್ದಾಗ ಅಧ್ಯಕ್ಷರು ಕನ್ನಡ ಉಪನ್ಯಾಸಕರ ಬಳಿ ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ದೂರದ ಸಂಬಂಧಿಗಳು, ತಮ್ಮ ತಮ್ಮೊಳಗೆ ಮನೆಮಾತು.

“ರಾಜ ಸೋತ ಹೇಳಾದ್ರೆ ನಾಳೆ ಶಿರಸಿ ಪೇಟೆ ತುಂಬ ಅದೇ ಸುದ್ದಿ,” ಎಂದರು ಅಧ್ಯಕ್ಷರು. “ಹೊರಗಿಂದ ಬಂದ ಹೆಂಗಸು, ಪಾಪ. ಅವ್ರ ಮರ್ಯಾದೆ ಉಳಸವ್ವು. ಆನು ಕನ್ನಡಕ ತೆಗದ ಕೂಡ್ಲೆ ನೀ ಮಂಗಳ ಹಾಡು.”

“ಮಾತಿನ ಮಧ್ಯಕ್ಕೆ ಮಂಗಳ ಹಾಡಿದ್ರೆ ಹುಡುಗ್ರು ಸುಮ್ನಿರ್ತ್ವಿಲ್ಲೆ.”

“ಭಾಗವತ ನೀನು. ನೀ ಹಾಡಿದ್ಮೇಲೆ ಮುಗತ್ತು. ಯಾರು ಎಂತ ಹೇಳ್ತ?” ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಪೇಪರಿಗೆ ಹಾಕಡ ಮಾರಾಯ,” ಎಂದು ನನ್ನನ್ನೂ ತಡೆದರು.

ಅದು ಕೆಟ್ಟ ಮನಸ್ಸಿನ ಮಾತಾಗಿರಲಿಲ್ಲ. ಒಬ್ಬರ ಮಾನ ಕಾಯಲು ಹಾಡು ಬಳಸಬಹುದು ಎಂಬ ಯೋಚನೆ ನಮ್ಮ ಕಡೆಯವರಿಗೆ ಬಿಟ್ಟರೆ ಬೇರೆಯವರಿಗೆ ಬರಲಿಕ್ಕಿಲ್ಲ.

ಸಭಾಂಗಣ ತುಂಬಿತ್ತು. ಮೊದಲ ವರ್ಷದವರು ತರಗತಿಗಳಿಂದ ಬೆಂಚು ಹೊತ್ತು ತಂದು ಸಾಲು ಹಾಕಿದ್ದರು. ಅದು ಅವರ ಪಾಲಿನ ಕೆಲಸ. ವೇದಿಕೆಯ ಮೇಲೆ ಕಂಬಳಿ ಹಾಸಿ, ನಡುವೆ ಭಾಗವತರು, ಅವರ ಪಕ್ಕ ಮದ್ದಳೆಯ ವಿದ್ಯಾರ್ಥಿ, ಎಡಕ್ಕೆ ಪ್ರಾಂಶುಪಾಲರು, ಬಲಕ್ಕೆ ಹುಡುಗಿ. ಪ್ರಾಂಶುಪಾಲರು ಇಳಕಲ್ ಸೀರೆ ಉಟ್ಟು ರಾಜನ ಕೆಂಪು ಶಾಲನ್ನು ಹೆಗಲಿಗೆ ಹಾಕಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಮೂಗಿನ ಮೇಲೆ ಕನ್ನಡಕ. ಒಡ್ಡೋಲಗದ ಪದ್ಯ ಮುಗಿಯಿತು. ರಾಜ ಮಾತಾಡಬೇಕು.

“ನಮ್ಮ ರಾಜ್ಯದಾಗ ಮಳಿ ಚಲೋ ಆಗೇತಿ, ಬೆಳಿ ಚಲೋ ಐತಿ. ಗಂಟಿ ಅಂತೂ ಭಾಳ ಚಲೋ ಹೊಡೀತೈತಿ,” ಎಂದರು ಅವರು. “ದೂರು ಇದ್ದವ್ರು ಮುಂದ ಬರ್ರಿ.”

ಸಭೆ ಗೊಳ್ಳೆಂದಿತು. ಅದು ಹೀಯಾಳಿಕೆಯ ನಗೆಯೋ ಮೆಚ್ಚುಗೆಯದೋ ಎಂದು ಮೊದಲಿಗೆ ನನಗೆ ತಿಳಿಯಲಿಲ್ಲ. ಎರಡನೆಯ ಮಾತಿನ ಹೊತ್ತಿಗೆ ತಿಳಿಯಿತು. ಅವರು ಪುಸ್ತಕದ ಕನ್ನಡಕ್ಕೆ ಹೋಗಲೇ ಇಲ್ಲ. ತಮ್ಮ ಊರಿನ ಮಾತನ್ನು ರಾಜನ ಬಾಯಿಗೆ ಕೊಟ್ಟರು, ಅದು ಚೆನ್ನಾಗಿ ಒಪ್ಪಿತು.

ಹುಡುಗಿಯದು ಸೋದರಮಾವನ ಮಟ್ಟು. ಮಹಾಪ್ರಭು ಎಂದು ಕೈಮುಗಿದು, ರಾಜ್ಯದ ಸೊಬಗು ಹೊಗಳಿ, ಕೋಟೆಯ ಬಾಗಿಲು ಶತ್ರುವಿಗಾಗಿ ಮುಚ್ಚುತ್ತದೆಯೋ ಪ್ರಜೆಗಾಗಿ ಮುಚ್ಚುತ್ತದೆಯೋ ಎಂದು ಕೇಳಿದಳು.

ಬಾಗಿಲಿಗೆ ಶತ್ರು ಯಾರು, ಪ್ರಜೆ ಯಾರು ಎಂದು ಗೊತ್ತಾಗುವುದಿಲ್ಲ, ಅದಕ್ಕೆ ಗಂಟೆ ಒಂದೇ ಗೊತ್ತು ಎಂದರು ರಾಜ. ಹೊತ್ತಿಗೆ ಬಂದ ಪ್ರಜೆಯ ಓದು ತಡವಾಗಿ ಬಂದವನ ಚಪ್ಪಲಿ ಸದ್ದಿನಿಂದ ಕೆಡುತ್ತದೆ, ಹಾಗಾದರೆ ಹೊತ್ತಿಗೆ ಬಂದವನ ದೂರು ಯಾರು ಕೇಳಬೇಕು ಎಂದರು. ಹಿಂದೆ ಈ ರಾಜ್ಯದಲ್ಲಿ ಗಂಟೆ ಆದ ಮೇಲೆ ಅವಲಕ್ಕಿ ತಿನ್ನುತ್ತಿದ್ದ ಮಂತ್ರಿಗಳಿದ್ದರು ಎಂದಾಗ ಉಪನ್ಯಾಸಕರ ಸಾಲು ನೆಲ ನೋಡಿತು, ವಿದ್ಯಾರ್ಥಿಗಳು ಬೆಂಚು ಬಡಿದರು. ವಾದ ಗಟ್ಟಿಯಾಗಿತ್ತು. ನನ್ನ ಹಿಂದೆ ಕೂತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕವಳ ಅಗಿಯುವುದನ್ನು ನಿಲ್ಲಿಸಿ, ಲೆಕ್ಕದ ಮೇಷ್ಟ್ರಿಗೆ ಅರ್ಥ ಬತ್ತು ಮಾರಾಯ ಎಂದು ಪಕ್ಕದವನಿಗೆ ಹೇಳಿದ.

ಪ್ರಜೆ ಬೇಗನೆ ಏಳಬಾರದೇ ಎಂದು ರಾಜ ಕೇಳಿದರು. ಬೇಗ ಬರುವ ರಥ ಒಂದಿದೆಯಲ್ಲ, ನಾನೇ ಹೋಗಿ ಗೋಡೆಯ ಮೇಲೆ ಓದಿದ್ದೇನೆ ಎಂದರು.

ಗೋಡೆಯ ಮೇಲೆ ಇರುವುದು ನಿಜ ಎಂದಳು ಹುಡುಗಿ. ಆ ರಥ ಹಿಂದೆ ನಮ್ಮೂರಲ್ಲೇ ರಾತ್ರಿ ತಂಗಿ ಬೆಳಕು ಹರಿಯುವಾಗ ಹೊರಡುತ್ತಿತ್ತು. ಹೋದ ಮಳೆಗಾಲದಲ್ಲಿ ಊರಿನ ಕಿರುಸೇತುವೆ ಕುಸಿಯಿತು. ಅಂದಿನಿಂದ ಹಾಲ್ಟಿಂಗ್ ಬಸ್ಸು ಇಲ್ಲ. ಈಗ ಹೊಳೆ ದಾಟಿ ನಡೆದು ಬಂದರೆ ಸಿಗುವುದು ಒಂದೇ ರಥ, ಪ್ರಭುಗಳ ಗಂಟೆಯ ನಂತರ ಮುಟ್ಟುವುದು. ಗೋಡೆ ಓದಿದ ಪ್ರಭುಗಳು ಹೊಳೆಯನ್ನೂ ಒಮ್ಮೆ ಓದಬಹುದಿತ್ತು.

ಈ ಮಾತಿಗೆ ಸಭೆ ಚಪ್ಪಾಳೆ ಹೊಡೆಯಿತು. ಪ್ರಾಂಶುಪಾಲರು ಹೊಡೆಯಬೇಡಿ ಎಂಬಂತೆ ಕೈ ಮಾಡಿದರು. ಅವರ ಮುಖ ಬದಲಾಗಿತ್ತು. ಸೇತುವೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ ಎಂಬುದು ವೇದಿಕೆಯ ಕೆಳಗಿದ್ದವರಿಗೂ ಕಂಡಿತು. ಆದರೂ ಅವರು ಬಿಡಲಿಲ್ಲ. ರಾಜ ಸುಮ್ಮನೆ ಸೋಲಬಾರದಲ್ಲ. ರಥ ತಡವಾದದ್ದು ಪ್ರಜೆಯ ತಪ್ಪಲ್ಲ ಎಂದು ಒಪ್ಪಿದೆ ಎಂದರು. ಆದರೆ ಪಾಠ ತಪ್ಪಿದ್ದು ತಪ್ಪಿದ್ದೇ. ಕೇಳದ ಪಾಠಕ್ಕೆ ಹಾಜರಿ ಹೇಗೆ ಕೊಡಲಿ? ಪಾಠ ಕೇಳದವರನ್ನು ಪರೀಕ್ಷೆಗೆ ಕೂರಿಸಿದರೆ ಅದು ಕರುಣೆ ಆಗುವುದಿಲ್ಲ, ಮೋಸವಾಗುತ್ತದೆ.

ಹುಡುಗಿ ತಲೆ ತಗ್ಗಿಸಿದಳು. ಮದ್ದಳೆಯವನು ಕೈ ಚರ್ಮದ ಮೇಲಿಟ್ಟು ಕಾದ. ಅವಳು ಮತ್ತೆ ಮಾತಾಡಿದಾಗ ಸೋದರಮಾವನ ಮಟ್ಟು ಬಿಟ್ಟುಹೋಗಿತ್ತು. ಬಸ್ಸಿನಲ್ಲಿ ಗೆಳತಿಯ ಹತ್ತಿರ ಮಾತಾಡುವ ಹಾಗೆ ಹೇಳಿದಳು:

“ಪಾಠ ಕೇಳ್ಲಿಲ್ಲ ಅಂತ ಯಾರ್ ಹೇಳಿದ್ರು ಪ್ರಭು? ಮೋರಿ ಕಟ್ಟೆ ಮೇಲೆ ಕೂತ್ಕಂಡು ದಿನಾ ಕೇಳ್ತಿದ್ದೆ. ನಿಮ್ ಪಾಠ ಗೇಟಿನ ಹೊರಗೂ ಬತ್ತದೆ. ಹಾಜರಿ ಒಂದು ಹೊರಗೆ ಬರ್ಲಿಲ್ಲ.”

ಗೇಟಿನ ಪಕ್ಕದ ಕೋಣೆ ಗಣಿತದ್ದು. ಅದರ ಕಿಟಕಿಗಳು ಎತ್ತರದಲ್ಲಿ ರಸ್ತೆಯ ಕಡೆಗಿವೆ. ಒಳಗಿನವರಿಗೆ ರಸ್ತೆ ಕಾಣುವುದಿಲ್ಲ. ಪ್ರಾಂಶುಪಾಲರು ಬಾಯಿ ತೆರೆದರು, ಮುಚ್ಚಿದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕನ್ನಡಕ ತೆಗೆದರು.

ಭಾಗವತರು ಮಂಗಳ ಎತ್ತಿದರು. ಅವರ ದನಿ ಅಂದು ಚೆನ್ನಾಗಿಯೂ ಇತ್ತು. ಹಿಂದಿನ ಬೆಂಚುಗಳಿಂದ ಒಂದು ಗೊಣಗು ಎದ್ದು ಅಲ್ಲೇ ಅಡಗಿತು. ಮಂಗಳ ಎದ್ದ ಮೇಲೆ ಎದ್ದು ನಿಲ್ಲುವುದು ನಮ್ಮಲ್ಲಿ ರೂಢಿ. ಅಲ್ಲಲ್ಲಿ ಜನ ಏಳತೊಡಗಿದರು. ಹುಡುಗಿ ಕೂತಲ್ಲೇ ಕೈಮುಗಿದಳು. ಶಿಸ್ತು ಕಲಿತವಳು, ಪದ್ಯ ಎದ್ದ ಮೇಲೆ ಅವಳ ಮಾತು ಮುಗಿದಂತೆ. ಮಾತು ಮುಗಿದರೆ ದೂರೂ ಮುಗಿದಂತೆ. ಅವಳ ವರ್ಷ ಹೋದಂತೆ.

ಆಗ ಪ್ರಾಂಶುಪಾಲರು ಕೈ ಚಾಚಿ ಭಾಗವತರ ತಾಳದ ಮೇಲೆ ಅಂಗೈ ಇಟ್ಟರು.

ಹಾಡು ಅರ್ಧಕ್ಕೆ ನಿಂತಿತು. ನಾನು ಎಷ್ಟೋ ಕೂಟಗಳಲ್ಲಿ ಕೂತಿದ್ದೇನೆ, ಜಗಳ ನೋಡಿದ್ದೇನೆ, ಅರ್ಥಧಾರಿ ಸಿಟ್ಟಾಗಿ ಎದ್ದು ಹೋದದ್ದನ್ನೂ ನೋಡಿದ್ದೇನೆ. ಭಾಗವತರ ತಾಳ ಹಿಡಿದು ನಿಲ್ಲಿಸಿದವರನ್ನು ನೋಡಿರಲಿಲ್ಲ. ಹುಲಗೋಳದ ಕೂಟದಲ್ಲಿ ಪ್ರಾಂಶುಪಾಲರಿಗೆ ಆ ನಿಯಮವನ್ನು ವಿವರಿಸಿ ಹೇಳಿದ್ದರು. ಅವರು ಗೊತ್ತಿದ್ದೇ ಮಾಡಿದರು.

“ನಿಲ್ಲಸ್ರಿ ಸರ್,” ಎಂದರು. “ಪ್ರಜಾ ಮಾತಾಡಿದಾಳ. ರಾಜ ಇನ್ನೂ ಉತ್ತರ ಕೊಟ್ಟಿಲ್ಲ. ಉತ್ತರ ಕೊಡದ ಮಂಗಳ ಹೆಂಗ ಆಗ್ತೈತಿ?”

ಎದ್ದವರು ಕೂತರು. ಅಧ್ಯಕ್ಷರು ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು, ತೆಗೆದದ್ದು ಅದಕ್ಕೇ ಎಂಬಂತೆ.

ಪ್ರಾಂಶುಪಾಲರು ಹುಡುಗಿಯ ಕಡೆ ತಿರುಗಿದರು. ಇದೇ ವಾರ ಹೇಳಿದ ಪಾಠ ಯಾವುದು ಎಂದು ಕೇಳಿದರು. ಅವಳು ಹೇಳಿದಳು. ಬೋರ್ಡು ಕಾಣದೆ ಹೇಗೆ ತಿಳಿಯಿತು ಎಂದರು. ನೀವು ಬರೆಯುವುದನ್ನೆಲ್ಲ ಬಾಯಲ್ಲೂ ಹೇಳುತ್ತೀರಿ, ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದುಕೊಳ್ಳುತ್ತೇನೆ ಎಂದಳು. ಹಾಗಾದರೆ ತಿಳಿಯದ್ದು ಏನೂ ಉಳಿದಿಲ್ಲವೇ ಎಂದರು. ಉಳಿದಿದೆ, ಲಾರಿ ಹೋದಾಗ ತಪ್ಪಿದ್ದು ಎಂದಳು. ಆಗ ಮೊದಲಿಗೆ ನಕ್ಕವರು ಪ್ರಾಂಶುಪಾಲರೇ. ಆಮೇಲೆ ಇಡೀ ಸಭಾಂಗಣ.

ನಗೆ ಇಳಿದ ಮೇಲೆ ಅವರು ಎದ್ದು ನಿಂತರು. ಹೆಗಲಿನ ಕೆಂಪು ಶಾಲು ತೆಗೆದು ಒಮ್ಮೆ ಕೊಡವಿ, ಹುಡುಗಿಯ ಬಳಿ ಹೋಗಿ, ಬಗ್ಗಿ ಅವಳಿಗೆ ಹೊದಿಸಿದರು.

“ರಾಜಾ ಸೋತಾನ,” ಎಂದರು, ಮೈಕಿನ ಅಗತ್ಯವಿಲ್ಲದ ದನಿಯಲ್ಲಿ. “ಸೋತ ಮ್ಯಾಲೆ ಯಾವ ಪದ್ಯ ಅಂತ ನನಗ ಯಾರೂ ಹೇಳಿಲ್ಲ. ಭಾಗವತರ, ಪದ್ಯ ಹಾಡ್ರಿ.”

ಪದ್ಯ ಇರಲಿಲ್ಲ. ಮೊದಲ ಪ್ರಾಂಶುಪಾಲರು ಎಲ್ಲಕ್ಕೂ ಪದ್ಯ ಕಟ್ಟಿದ್ದರು, ಸೋತ ರಾಜನಿಗೆ ಕಟ್ಟಿರಲಿಲ್ಲ. ಕನ್ನಡ ಉಪನ್ಯಾಸಕರು ತಾಳ ಕೈಯಲ್ಲಿ ಹಿಡಿದು ಯಾವುದನ್ನು ಹಾಡಲಿ ಎಂದು ಹುಡುಕುತ್ತಿದ್ದರು. ಮದ್ದಳೆಯ ವಿದ್ಯಾರ್ಥಿ ಅವರ ಮುಖ ನೋಡುತ್ತಿದ್ದ. ಕೊನೆಗೆ ಅವರು ರಾಜನ ಜಾಗದ ಕಡೆಗಿದ್ದ ತಮ್ಮ ಮೈಯನ್ನು ಹುಡುಗಿಯ ಕಡೆಗೆ ತಿರುಗಿಸಿಕೊಂಡು ಕೂತು, ಒಡ್ಡೋಲಗದ ಪದ್ಯ ಎತ್ತಿದರು. ರಾಜ ಬರುವಾಗ ಹಾಡುವ ಅದೇ ಪದ್ಯ. ಮದ್ದಳೆ ಹಿಡಿಯಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಬಿಳಗಿ ಕಡೆಯ ಬಸ್ಸಿನವರು ಎದ್ದು ನಿಂತಿದ್ದರು, ಎರಡನೆಯ ಸಾಲಿಗೆ ಎಲ್ಲರೂ. ಕೆಂಪು ಶಾಲಿನೊಳಗೆ ಹುಡುಗಿ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲದ ಕಂಬಳಿ ನೋಡುತ್ತಿದ್ದಳು. ಪ್ರಾಂಶುಪಾಲರು ಪಕ್ಕದಲ್ಲಿ ನಿಂತು ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು, ತಪ್ಪು ತಾಳ. ಅಧ್ಯಕ್ಷರೂ ಎದ್ದರು. ಅವರ ಕಣ್ಣು ಒದ್ದೆಯಾಗಿತ್ತು; ಕನ್ನಡಕ ಇನ್ನೂ ಕೈಯಲ್ಲೇ ಇದ್ದುದರಿಂದ ಅದು ಎಲ್ಲರಿಗೂ ಕಂಡಿತು.

ಹೊರಗೆ ಬಂದಾಗ ಅಧ್ಯಕ್ಷರು ನನ್ನನ್ನು ಕರೆದು, ಪೇಪರಿಗೆ ಹಾಕಲಡ್ಡಿಲ್ಲೆ ಎಂದರು. ನಾನು ಒಂದು ಕಾಲಂ ಸುದ್ದಿ ಬರೆದೆ. ಕನ್ನಡಕದ ವಿಷಯ ಅದರಲ್ಲಿ ಇರಲಿಲ್ಲ. ಮರುದಿನ ಅವರು ಹೇಳಿದಂತೆಯೇ ಶಿರಸಿ ಪೇಟೆಯಲ್ಲಿ ಅದೇ ಸುದ್ದಿಯಾಯಿತು. ಕಾಲೇಜಿನ ಮರ್ಯಾದೆ ಹೋಯಿತು ಎಂದವರನ್ನು ನಾನು ಕಾಣಲಿಲ್ಲ.

ಇನ್ನು ನಡೆಸಿಕೊಡುವ ಮಾತು. ದಾಖಲಾದ ಹಾಜರಿಯನ್ನು ತಿದ್ದುವುದು ಸಾಧ್ಯವಿಲ್ಲ ಎಂದು ಪ್ರಾಂಶುಪಾಲರು ಮೊದಲೇ ಹೇಳಿದರು. ರಾಜ ಸೋತಿದ್ದಾನೆ, ಗಣಿತ ಸೋತಿಲ್ಲ. ತಪ್ಪಿದ ಪಾಠಗಳನ್ನು ಮತ್ತೆ ಹೇಳಿ ಹಾಜರಿ ಕೊಡಬಹುದು, ಅದಕ್ಕೆ ನಿಯಮದಲ್ಲಿ ಜಾಗವಿದೆ. ಪರೀಕ್ಷೆಯವರೆಗೆ ಪ್ರತಿದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಶನಿವಾರ ಕಾಲೇಜು ಬಿಟ್ಟ ಮೇಲೂ, ಅವರೇ ಹೆಚ್ಚುವರಿ ತರಗತಿ ತೆಗೆದುಕೊಂಡರು. ಮೋರಿ ಕಟ್ಟೆಯವರಿಗೆಂದು ಶುರುವಾದದ್ದು. ಎರಡನೆಯ ವಾರದಲ್ಲಿ ನಾನು ಆ ಕಡೆ ಹೋದಾಗ ಹಾಜರಿ ಪೂರ್ತಿ ಇದ್ದವರೂ ಬಂದು ಕೂತಿದ್ದರು. ಬುತ್ತಿ ಬಿಚ್ಚಿಕೊಂಡು ಉಣ್ಣುತ್ತಲೇ ಕೇಳಬಹುದು ಎಂದು ಅವರು ಅನುಮತಿ ಕೊಟ್ಟಿದ್ದರು. ಇಡೀ ಕೋಣೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳ. ಅವರೂ ನಡುನಡುವೆ ರೊಟ್ಟಿ ಮುರಿಯುತ್ತ ಬೋರ್ಡು ತುಂಬಿಸುತ್ತಿದ್ದರು.

ಬೆಳಗಿನ ಗಂಟೆಯನ್ನು ಬಿಳಗಿ ಕಡೆಯ ಬಸ್ಸು ಬರುವ ಹೊತ್ತಿಗೆ ಸರಿಸಿದರು. ಅದಕ್ಕಾಗಿ ಕೊನೆಯ ಪಿರಿಯಡ್ಡು ಅಷ್ಟು ಮುಂದಕ್ಕೆ ಹೋಯಿತು. ಇಬ್ಬರು ಉಪನ್ಯಾಸಕರು ಮುಖ ಗಂಟಿಕ್ಕಿಕೊಂಡರು, ಆಮೇಲೆ ಸರಿಹೋದರು. ಗೇಟು ಮಾತ್ರ ಗಂಟೆಯೊಂದಿಗೇ ಬೀಳುತ್ತದೆ, ಇಂದಿಗೂ. ಹೊಸ ಹೊತ್ತಿನ ಮೊದಲ ಸೋಮವಾರ ಹೊರಗುಳಿದವರು ಕನ್ನಡ ಉಪನ್ಯಾಸಕರು ಒಬ್ಬರೇ. ಬಿಳಗಿಯ ಹುಡುಗಿಯರು ಒಳಗಿನಿಂದ ಅವರನ್ನು ನೋಡಿ, ಮೋರಿ ಕಟ್ಟೆ ಖಾಲಿ ಇದೆ ಸರ್ ಎಂದರಂತೆ. ಅವರು ಹೋಗಿ ಕೂತು ಪೂರ್ತಿ ಒಂದು ಪಿರಿಯಡ್ ಗಣಿತ ಕೇಳಿ ಬಂದರು. ಒಂದಕ್ಷರವೂ ತಿಳಿಯಲಿಲ್ಲ, ದನಿ ಮಾತ್ರ ಭಾಗವತಿಕೆಗೆ ಹೇಳಿ ಮಾಡಿಸಿದ್ದು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರು.

ಗಣಿತದ ಪರೀಕ್ಷೆಯ ದಿನ ನಾನು ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದವನು ಇಳಿದೆ. ಬಸ್ಸು ಬಂತು. ಹುಡುಗಿ ಎಲ್ಲರಿಗಿಂತ ಮೊದಲು ಇಳಿದು ಮೈದಾನ ದಾಟಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರಾಂಶುಪಾಲರು ಮೆಟ್ಟಿಲ ಮೇಲೆ ನಿಂತಿದ್ದರು. ಹಾಲ್ ಟಿಕೆಟ್ ನೋಡಿ ಹಿಂದಿರುಗಿಸಿ, ಏನಾದರೂ ಕೇಳುವುದು ಉಳಿದಿದೆಯೇ ಎಂದರು.

“ಇಲ್ಲ ಮೇಡಂ,” ಎಂದಳು ಅವಳು. “ಲಾರಿ ಹೋದಾಗ ತಪ್ಪಿದ್ದೂ ಆಯ್ತು.”

“ಹಂಗಾದ್ರ ಒಳಗ ನಡಿ,” ಎಂದರು ಪ್ರಾಂಶುಪಾಲರು.

ಅವಳು ಒಳಗೆ ಹೋದಳು. ಫಲಿತಾಂಶ ಬಂದಾಗ ಕಾಲೇಜಿನ ಗಣಿತದ ಅತಿ ಹೆಚ್ಚು ಅಂಕ ಅವಳದಾಗಿತ್ತು. ಸೂಚನಾ ಫಲಕದಲ್ಲಿ ಅದನ್ನು ಅಂಟಿಸಿದವರು ಆಡಳಿತ ಮಂಡಳಿಯ ಅಧ್ಯಕ್ಷರೇ. ಗೋಂದು ಕೈಗೆಲ್ಲ ಮೆತ್ತಿಕೊಂಡಿತ್ತು, ಒರೆಸಿಕೊಳ್ಳದೆ ಹಾಗೆಯೇ ನಿಂತು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು.